ಹುಟ್ಟಿನಿಂದ ಬಂದ ಆಸನ

1798ರಲ್ಲಿ ಸ್ಕಾಟ್ಲೆಂಡಿನ ಅಬರ್ಡೀನ್ ಪಟ್ಟಣದ ಶಾಲೆಯೊಂದರಲ್ಲಿ ಹಾಜರಿ ಕೂಗುವಾಗ ಹತ್ತು ವರ್ಷದ ಹುಡುಗನೊಬ್ಬನ ಹೆಸರಿನ ಮುಂದೆ ಹೊಸದೊಂದು ಲ್ಯಾಟಿನ್ ಮಾತು ಸೇರಿಕೊಂಡಿತು. 'ಡೊಮಿನಸ್', ಎಂದರೆ ಪ್ರಭು. ಹುಡುಗನ ಬಾಯಿಂದ ಉತ್ತರ ಹೊರಡಲಿಲ್ಲ. ಅತ್ತುಬಿಟ್ಟನೆಂದು ಅವನ ಜೀವನಚರಿತ್ರಕಾರರು ಬರೆಯುತ್ತಾರೆ. ಅವನ ಬಗ್ಗೆ ಎಂದೂ ಆಸ್ಥೆ ತೋರದಿದ್ದ ಅಜ್ಜನ ಸೋದರನೊಬ್ಬ ದೂರದ ನಾಟಿಂಗ್‌ಹ್ಯಾಮ್‌ಶೈರಿನಲ್ಲಿ ತೀರಿಕೊಂಡಿದ್ದನು. ಆ ಒಂದು ಸಾವಿನಿಂದ ಹುಡುಗನಿಗೆ ಪಾಳುಬಿದ್ದ ನ್ಯೂಸ್ಟೆಡ್ ಅಬೆ ಬಂದಿತು, ಅದರ ಜೊತೆಗೆ ಸಾಲ ಬಂದಿತು, ಆರನೆಯ ಬ್ಯಾರನ್ನನ ನಂತರದ ಏಳನೆಯ ಸ್ಥಾನವಲ್ಲ, ಆರನೆಯ ಸ್ಥಾನವೇ ಬಂದಿತು. ಏಕೆಂದರೆ ಸತ್ತವನು ಐದನೆಯವನು. ಪ್ರಾಪ್ತ ವಯಸ್ಸಿಗೆ ಬಂದೊಡನೆ ಬ್ರಿಟನ್ನಿನ ಸಂಸತ್ತಿನ ಮೇಲ್ಮನೆಯಲ್ಲಿ ಕುಳಿತು ಶಾಸನ ಮಾಡುವ ಹಕ್ಕೂ ಬಂದಿತು. ಈ ಹುಡುಗನೇ ಮುಂದೆ ಲೋಕವೆಲ್ಲ ಬಲ್ಲ ಕವಿ ಬೈರನ್.

ಲಾರ್ಡ್ಸ್ ಸಭೆಯ ಸದಸ್ಯತ್ವವೆಂಬುದು ಶತಮಾನಗಳ ಕಾಲ ಹೀಗೆಯೇ ಒದಗುತ್ತಿತ್ತು. ಡ್ಯೂಕ್, ಮಾರ್ಕ್ವಿಸ್, ಅರ್ಲ್, ವೈಕೌಂಟ್, ಬ್ಯಾರನ್ ಎಂಬ ಐದು ಅಂತಸ್ತುಗಳಲ್ಲಿ ಯಾವುದಾದರೊಂದನ್ನು ಅರಸನು ಒಬ್ಬನಿಗೆ ಕೊಟ್ಟನೆಂದರೆ ಅದು ಅವನ ಹಿರಿಯ ಮಗನಿಗೆ, ಆ ಮಗನ ಹಿರಿಯ ಮಗನಿಗೆ ಇಳಿಯುತ್ತ ಹೋಗುತ್ತಿತ್ತು. ತಂದೆ ಸತ್ತ ಮೇಲೆ ಮಗನಿಗೆ ಅರಸನ ಹೆಸರಿನಲ್ಲಿ ಕರೆಯೋಲೆ ಬರುತ್ತಿತ್ತು. ಅದನ್ನು ಹಿಡಿದು ಬಂದವನು ಬುದ್ಧಿವಂತನೇ, ಮೂಢನೇ, ರಾಜ್ಯದ ಕೆಲಸದಲ್ಲಿ ಮನಸ್ಸುಳ್ಳವನೇ ಎಂದು ಕೇಳುವವರಿರಲಿಲ್ಲ. ಈ ಪದ್ಧತಿಯನ್ನು ತಿದ್ದುವ ಯತ್ನಗಳ ಇತಿಹಾಸವನ್ನು ರಾಜಕೀಯ ಶಾಸ್ತ್ರದವರು ಕಾಯಿದೆಗಳ ಪಟ್ಟಿಯಾಗಿ ಓದುತ್ತಾರೆ. ಸಾಹಿತ್ಯದ ವಿದ್ಯಾರ್ಥಿಗೆ ಅದೇ ಇತಿಹಾಸದಲ್ಲಿ ಬೇರೆ ಮುಖಗಳು ಕಾಣುತ್ತವೆ. ಅವುಗಳಲ್ಲಿ ಕೆಲವು ಅವನಿಗೆ ಪಠ್ಯಪುಸ್ತಕದಿಂದಲೇ ಪರಿಚಿತವಾದವು.

ಬೈರನ್ ಮೇಲ್ಮನೆಯಲ್ಲಿ ಮೊದಲ ಸಲ ಮಾತನಾಡಿದ್ದು 1812ರ ಫೆಬ್ರವರಿ 27ರಂದು. ನಾಟಿಂಗ್‌ಹ್ಯಾಮಿನ ಕಾಲುಚೀಲ ಹೆಣೆಯುವ ಕಸುಬಿನವರು ಕೂಲಿ ಕಡಿಮೆಯಾಗಿ, ಕೆಲಸ ತಪ್ಪಿ, ಹಸಿವಿನಿಂದ ಕಂಗೆಟ್ಟು ಮಾಲೀಕರ ಹೆಣಿಗೆ ಯಂತ್ರಗಳನ್ನು ಒಡೆಯತೊಡಗಿದ್ದರು. ಯಂತ್ರ ಒಡೆದವನಿಗೆ ಮರಣದಂಡನೆ ಎಂಬ ಮಸೂದೆಯನ್ನು ಸರಕಾರ ತಂದಿತು. ಇಪ್ಪತ್ತನಾಲ್ಕು ವರ್ಷದ ಬೈರನ್ ಎದ್ದು ನಿಂತು ಅದನ್ನು ವಿರೋಧಿಸಿದನು. ತುರ್ಕಿಯ ಅತ್ಯಂತ ತುಳಿತಕ್ಕೊಳಗಾದ ಪ್ರಾಂತಗಳಲ್ಲಿ ತಿರುಗಾಡಿ ಬಂದ ತಾನು ಅಲ್ಲಿಯೂ ಕಾಣದ ದೈನ್ಯವನ್ನು ಸ್ವದೇಶದ ನಡುವೆ ಕಂಡೆನೆಂದನು. ಯಾರನ್ನು ಪುಂಡರ ಗುಂಪೆಂದು ಜರೆಯಲಾಗುತ್ತಿದೆಯೋ ಅವರೇ ಹೊಲದಲ್ಲಿ ದುಡಿಯುವವರು, ಮನೆಗಳಲ್ಲಿ ಊಳಿಗ ಮಾಡುವವರು, ಸೈನ್ಯವನ್ನೂ ನೌಕಾಪಡೆಯನ್ನೂ ತುಂಬುವವರು ಎಂದು ನೆನಪಿಸಿದನು. ಮಸೂದೆ ಅಂಗೀಕೃತವಾಯಿತು. ಕೆಲವೇ ದಿನಗಳಲ್ಲಿ 'ಮಾರ್ನಿಂಗ್ ಕ್ರಾನಿಕಲ್' ಪತ್ರಿಕೆಯಲ್ಲಿ ಆ ಕಾಯಿದೆಯನ್ನು ಹೆಣೆದವರನ್ನೇ ಲೇವಡಿ ಮಾಡುವ ಕವಿತೆಯೊಂದು ಕವಿಯ ಹೆಸರಿಲ್ಲದೆ ಪ್ರಕಟವಾಯಿತು, ಅದೂ ಬೈರನ್ನನದೇ. ಮಾರ್ಚ್ 10ರಂದು 'ಚೈಲ್ಡ್ ಹೆರಾಲ್ಡ್' ಕಾವ್ಯದ ಮೊದಲ ಎರಡು ಸರ್ಗಗಳು ಹೊರಬಂದವು. ಅದರೊಂದಿಗೆ ಬಂದ ಕೀರ್ತಿಯ ಹೊಳೆಯಲ್ಲಿ ಶಾಸಕ ಬೈರನ್ ಕೊಚ್ಚಿಹೋದನು. ಒಟ್ಟು ಮೂರು ಭಾಷಣಗಳ ಮೇಲೆ ಅವನು ಆ ಸಭೆಯಲ್ಲಿ ಬಾಯಿ ತೆರೆಯಲಿಲ್ಲ.

ಆನುವಂಶಿಕ ಮೇಲ್ಮನೆಯ ಪರವಾಗಿ ವಾದಿಸುವವರಿಗೆ ಬೈರನ್ನನಿಗಿಂತ ಒಳ್ಳೆಯ ಸಾಕ್ಷಿ ಸಿಗಲಾರದು. ಆ ಕಾಲದ ಯಾವ ಮಂತ್ರಿಯೂ ಇಂಥವನನ್ನು ನಾಮಕರಣ ಮಾಡುತ್ತಿರಲಿಲ್ಲ. ಮತದಾರರಾಗಿದ್ದ ಜಮೀನ್ದಾರರು ಇವನನ್ನು ಆರಿಸುತ್ತಿರಲಿಲ್ಲ. ಯಾರ ಹಂಗೂ ಇಲ್ಲದೆ ಬಂದವನಾದ್ದರಿಂದ ಯಾರ ಮುಲಾಜೂ ಇಲ್ಲದೆ ಮಾತನಾಡಿದನು ಎಂಬ ವಾದದಲ್ಲಿ ಹುರುಳಿಲ್ಲದಿಲ್ಲ. ಆದರೆ ನೇಣಿನ ಮಸೂದೆಗೆ ಸಮ್ಮತಿಯಿತ್ತವರೂ ಅದೇ ಬಾಗಿಲಿನಿಂದ ಬಂದವರು, ಮತ್ತು ಅವರೇ ಹೆಚ್ಚು ಮಂದಿ. ಇನ್ನೊಂದು ಸಂಗತಿಯೂ ಇದೆ. 1824ರಲ್ಲಿ ಗ್ರೀಸಿನಲ್ಲಿ ಬೈರನ್ ತೀರಿಕೊಂಡಾಗ ಅವನಿಗಿದ್ದ ಏಕಮಾತ್ರ ಔರಸ ಸಂತಾನ ಎಂಟು ವರ್ಷದ ಮಗಳು. ಆಸನ ಅವಳಿಗೆ ಬರಲಿಲ್ಲ. ನೌಕಾಪಡೆಯ ಅಧಿಕಾರಿಯಾಗಿದ್ದ ದಾಯಾದಿಯೊಬ್ಬನಿಗೆ ಹೋಯಿತು. ಆ ಮಗಳು ಏಡಾ ಲವ್‌ಲೇಸ್. ಚಾರ್ಲ್ಸ್ ಬ್ಯಾಬೇಜನ ಗಣನಯಂತ್ರವನ್ನು ಕುರಿತು 1843ರಲ್ಲಿ ಅವಳು ಬರೆದ ಟಿಪ್ಪಣಿಗಳಿಂದ ಗಣಕಶಾಸ್ತ್ರದ ಚರಿತ್ರೆ ಇಂದು ಅವಳನ್ನು ಆದ್ಯರಲ್ಲಿ ಒಬ್ಬಳೆಂದು ಎಣಿಸುತ್ತದೆ.

ಏಡಾಳ ಹೆಸರು ಬಂದಾಗ ಥಾಮಸ್ ಪೇನ್ ನೆನಪಾಗದಿರುವುದಿಲ್ಲ. ಫ್ರಾನ್ಸಿನ ಕ್ರಾಂತಿಯನ್ನು ಹಳಿದು ಎಡ್ಮಂಡ್ ಬರ್ಕ್ 1790ರಲ್ಲಿ ಬರೆದ ಗ್ರಂಥಕ್ಕೆ ಪ್ರತಿಯಾಗಿ ಪೇನ್ ಮರುವರ್ಷವೇ 'ರೈಟ್ಸ್ ಆಫ್ ಮ್ಯಾನ್' ಬರೆದನು. ಶಾಸಕತ್ವವು ವಂಶದಿಂದ ಬರಬಹುದಾದರೆ ಗಣಿತಜ್ಞತೆಯೂ ಆಸ್ಥಾನಕವಿತ್ವವೂ ವಂಶದಿಂದಲೇ ಏಕೆ ಬರಬಾರದು ಎಂಬರ್ಥದಲ್ಲಿ ಅವನು ಅಲ್ಲಿ ಆ ಪದ್ಧತಿಯನ್ನು ಗೇಲಿ ಮಾಡುತ್ತಾನೆ. ಹಳಗನ್ನಡದ ಓದುಗನಿಗೆ ಇಲ್ಲಿ ಒಂದು ತೊಡಕು ಎದುರಾಗದಿರದು. 'ಶಬ್ದಮಣಿದರ್ಪಣ'ದ ಕೇಶಿರಾಜ ತನ್ನ ತಾಯಿಯ ತಂದೆ ಕವಿ ಸುಮನೋಬಾಣನೆಂದೂ ತಂದೆ ಮಲ್ಲಿಕಾರ್ಜುನನೆಂದೂ ಸೋದರಮಾವ ಜನ್ನನೆಂದೂ ಹೇಳಿಕೊಳ್ಳುತ್ತಾನೆ. ಮಲ್ಲಿಕಾರ್ಜುನ 'ಸೂಕ್ತಿಸುಧಾರ್ಣವ'ವನ್ನು ಸಂಕಲಿಸಿದವನು. ಜನ್ನ 'ಯಶೋಧರ ಚರಿತೆ'ಯ ಕರ್ತೃ, ಕವಿಚಕ್ರವರ್ತಿ. ಮೂರು ತಲೆಮಾರು ಸರಸ್ವತಿ ಒಂದೇ ಮನೆತನದಲ್ಲಿ ನೆಲೆಸಿದ್ದಳೆಂದರೆ ಪೇನನ ಗೇಲಿ ಇಲ್ಲಿ ಸಲ್ಲದೆಂದು ತೋರಬಹುದು. ಆದರೆ ಕವಿಚಕ್ರವರ್ತಿ ಎಂಬ ಬಿರುದು ಮಾವನಿಂದ ಅಳಿಯನಿಗೆ ಇಳಿಯಲಿಲ್ಲ. ಕೇಶಿರಾಜನು ತನ್ನ ಕುಲವನ್ನು ಹೆಮ್ಮೆಯಿಂದ ಹೇಳಿಕೊಂಡನು, ಆಮೇಲೆ ಸೂತ್ರಗಳನ್ನು ತಾನೇ ಬರೆಯಬೇಕಾಯಿತು.

ಮೇಲ್ಮನೆಯ ಸುಧಾರಣೆಯ ಮೊದಲ ದೊಡ್ಡ ಯತ್ನ ಸಾಹಿತ್ಯಚರಿತ್ರೆಯ ಒಂದು ಗೆಳೆತನವನ್ನು ಬಲಿ ತೆಗೆದುಕೊಂಡಿತು. ಜೋಸೆಫ್ ಅಡಿಸನ್, ರಿಚರ್ಡ್ ಸ್ಟೀಲ್ ಇಬ್ಬರೂ ಲಂಡನ್ನಿನ ಚಾರ್ಟರ್‌ಹೌಸ್ ಶಾಲೆಯ ಸಹಪಾಠಿಗಳು. 'ಟ್ಯಾಟ್ಲರ್', 'ಸ್ಪೆಕ್ಟೇಟರ್' ಪತ್ರಿಕೆಗಳಲ್ಲಿ ಜೊತೆಯಾಗಿ ಬರೆದು ಇಂಗ್ಲಿಷ್ ಪ್ರಬಂಧಪ್ರಕಾರಕ್ಕೆ ರೂಪಕೊಟ್ಟವರು. ಒಂದೇ ವಿಗ್ ಪಕ್ಷದವರು. 1719ರ ವಸಂತದಲ್ಲಿ ಅವರ ನಡುವೆ ಪೀರೇಜ್ ಮಸೂದೆ ಬಂದು ನಿಂತಿತು.

ಅದರ ಹಿನ್ನೆಲೆ ಹೀಗಿದೆ. ಫ್ರಾನ್ಸಿನೊಡನೆ ಸಂಧಿ ಮಾಡಿಕೊಳ್ಳುವ ವಿಷಯದಲ್ಲಿ ಲಾರ್ಡ್ಸ್ ಸಭೆಯ ಬಹುಮತ ಎದುರು ನಿಂತಾಗ ರಾಣಿ ಆ್ಯನ್ ತನ್ನ ಮಂತ್ರಿಗಳ ಮಾತಿನಂತೆ 1712ರ ಹೊಸ ವರ್ಷದ ಹೊತ್ತಿಗೆ ಒಮ್ಮೆಲೇ ಹನ್ನೆರಡು ಮಂದಿ ಹೊಸ ಪ್ರಭುಗಳನ್ನು ಸೃಷ್ಟಿಸಿದ್ದಳು. ರಂಗಸ್ಥಳದಲ್ಲಿ ಕುಲದ ಪ್ರಶ್ನೆ ಎದ್ದಾಗ ದುರ್ಯೋಧನನು ನಿಂತ ನಿಲುವಿನಲ್ಲೇ ಕರ್ಣನಿಗೆ ಅಂಗರಾಜ್ಯದ ಪಟ್ಟ ಕಟ್ಟಿದ ಹಾಗೆ. ವ್ಯತ್ಯಾಸವೇನೆಂದರೆ, ಕರ್ಣನಿಗೆ ಪಟ್ಟ ಕಟ್ಟಿದ್ದು ಅವನ ಯೋಗ್ಯತೆ ಕಂಡು. ಈ ಹನ್ನೆರಡು ಜನರಿಗೆ ಕೊಟ್ಟದ್ದು ಅವರ ಮತ ಎಣಿಸಿ. ಇಂಥದು ಮತ್ತೆ ನಡೆಯಬಾರದೆಂಬ ನೆಪದಲ್ಲಿ ಸಂಡರ್ಲೆಂಡ್ ಮತ್ತು ಸ್ಟ್ಯಾನ್‌ಹೋಪ್ ಅವರ ಸರಕಾರ ಹೊಸ ಪ್ರಭುಗಳ ಸೃಷ್ಟಿಗೆ ಮಿತಿ ಹಾಕಹೊರಟಿತು. ಆರು ಸ್ಥಾನಗಳಷ್ಟೇ ಹೆಚ್ಚಬಹುದು. ಆಮೇಲೆ ಒಂದು ವಂಶ ನಶಿಸಿದರೆ ಮಾತ್ರ ಇನ್ನೊಂದು. ಸ್ಕಾಟ್ಲೆಂಡಿನ ಪ್ರಭುಗಳು ತಮ್ಮೊಳಗೆ ಆರಿಸಿ ಕಳಿಸುತ್ತಿದ್ದ ಹದಿನಾರು ಪ್ರತಿನಿಧಿಗಳ ಜಾಗದಲ್ಲಿ ಇಪ್ಪತ್ತೈದು ಆನುವಂಶಿಕ ಆಸನಗಳು. ಎಂದರೆ, ಇದ್ದ ಅಲ್ಪಸ್ವಲ್ಪ ಆಯ್ಕೆಯ ಅಂಶವನ್ನೂ ಕಿತ್ತು ಇಡೀ ಸಭೆಯನ್ನು ರಕ್ತಸಂಬಂಧದ ಬೀಗ ಹಾಕಿ ಮುಚ್ಚುವ ಯೋಜನೆ ಅದು. ಮೇಲುನೋಟಕ್ಕೆ ಅರಸನ ಸ್ವೇಚ್ಛೆಗೆ ಕಡಿವಾಣವೆಂಬಂತೆ ಕಾಣುತ್ತಿತ್ತು.

ಸ್ಟೀಲ್ 'ದಿ ಪ್ಲೆಬಿಯನ್' ಎಂಬ ಪತ್ರಿಕೆ ಹೊರಡಿಸಿ ಇದನ್ನು ಖಂಡಿಸಿದನು. ಹೊರಗಿನಿಂದ ಯಾರೂ ಒಳಬರಲಾಗದ, ಒಳಗಿನವರನ್ನು ಯಾರೂ ಹೊರಹಾಕಲಾಗದ ಸಭೆ ಹಾದಿ ತಪ್ಪಿದರೆ ತಿದ್ದುವ ದಾರಿಯೇ ಇರದೆಂಬುದು ಅವನ ವಾದ. ಅಡಿಸನ್ 'ದಿ ಓಲ್ಡ್ ವಿಗ್' ಎಂಬ ಹೆಸರಿನಿಂದ ಉತ್ತರಿಸಿದನು; ಬೇಕೆಂದಾಗ ಪ್ರಭುಗಳನ್ನು ಹುಟ್ಟಿಸುವ ಅರಸನೆದುರು ಮೇಲ್ಮನೆಗೆ ಸ್ವಾತಂತ್ರ್ಯವೆಲ್ಲಿ ಎಂದು ಅವನು ಕೇಳಿದನು. ಇಬ್ಬರ ಮಾತಿನಲ್ಲೂ ಸತ್ಯವಿತ್ತೆಂಬುದೇ ಈ ವಿವಾದದ ಸಂಕಟ. ಉತ್ತರ ಪ್ರತ್ಯುತ್ತರಗಳಲ್ಲಿ ವಾದದ ಜೊತೆಗೆ ವ್ಯಕ್ತಿನಿಂದೆಯೂ ನುಸುಳಿತು. ಜೂನ್ 17ರಂದು ಅಡಿಸನ್ ತೀರಿಕೊಂಡನು. ಮುರಿದ ಸ್ನೇಹವನ್ನು ಬೆಸೆಯುವ ಕಾಲ ಉಳಿದಿರಲಿಲ್ಲ. ಅರವತ್ತು ವರ್ಷಗಳ ನಂತರ ಅಡಿಸನ್ನನ ಚರಿತ್ರೆ ಬರೆದ ಸ್ಯಾಮ್ಯುಯೆಲ್ ಜಾನ್ಸನ್ ಈ ಜಗಳದ ಬಗ್ಗೆ ಮರುಗುತ್ತಾನೆ. ಅದೇ ವರ್ಷದ ಡಿಸೆಂಬರಿನಲ್ಲಿ ಮಸೂದೆ ಕಾಮನ್ಸ್ ಸಭೆಯಲ್ಲಿ 177ಕ್ಕೆ 269 ಮತಗಳಿಂದ ಬಿದ್ದುಹೋಯಿತು. ಅದನ್ನು ಕೆಡವಿದ ವಾಲ್ಪೋಲನ ಭಾಷಣದ ತಿರುಳು ತತ್ತ್ವವಲ್ಲ, ಮನುಷ್ಯಸ್ವಭಾವ: ತಮಗೋ ತಮ್ಮ ಮಕ್ಕಳಿಗೋ ಮುಂದೊಂದು ದಿನ ಸಿಗಬಹುದಾದ ಪದವಿಯ ಬಾಗಿಲನ್ನು ತಾವೇ ಏಕೆ ಮುಚ್ಚಬೇಕು ಎಂದು ಕಾಮನ್ಸ್ ಸದಸ್ಯರಿಗೆ ಅನಿಸುವಂತೆ ಅವನು ಮಾತನಾಡಿದ್ದನು. ಗೆದ್ದ ಪಕ್ಷದಲ್ಲಿದ್ದ ಸ್ಟೀಲನಿಗೆ ಸಿಕ್ಕಿದ್ದೇನು? ಮರುವರ್ಷದ ಆರಂಭದಲ್ಲಿ ಡ್ರೂರಿ ಲೇನ್ ರಂಗಮಂದಿರದ ಮೇಲೆ ಅವನಿಗಿದ್ದ ಅಧಿಕಾರವನ್ನು ಆಸ್ಥಾನ ಕಿತ್ತುಕೊಂಡಿತು.

ಇದಕ್ಕೂ ಹಿಂದೆ, 1649ರಲ್ಲಿ, ಅರಸನ ತಲೆ ಕಡಿದ ಕಾಮನ್ಸ್ ಸಭೆ ಲಾರ್ಡ್ಸ್ ಸಭೆಯನ್ನೇ ರದ್ದುಮಾಡಿತ್ತು. ಆ ಗಣರಾಜ್ಯದ ವಿದೇಶಭಾಷಾ ಕಾರ್ಯದರ್ಶಿಯಾಗಿದ್ದವನು ಕವಿ ಮಿಲ್ಟನ್. 1660ರಲ್ಲಿ ಅರಸನ ಹಿಂದೆಯೇ ಸಭೆಯೂ ಮರಳಿತು. 1832ರ ಮತದಾನ ಸುಧಾರಣೆಯ ಕಾಲದಲ್ಲಿ ಬೇಕಾದಷ್ಟು ಹೊಸ ಪ್ರಭುಗಳನ್ನು ಸೃಷ್ಟಿಸುವ ಬೆದರಿಕೆಯೊಂದೇ ಸಭೆಯನ್ನು ಬಗ್ಗಿಸಿತು.

1911ರಲ್ಲಿಯೂ ಬಗ್ಗಿಸಿದ್ದು ಅದೇ ಬೆದರಿಕೆ. ಲಾಯ್ಡ್ ಜಾರ್ಜ್ ಅವರು ಸಿರಿವಂತರ ಮೇಲೆ ತೆರಿಗೆ ಹಾಕಿ ಮಂಡಿಸಿದ್ದ ಆಯವ್ಯಯವನ್ನು ಲಾರ್ಡ್ಸ್ ಸಭೆ 1909ರ ನವೆಂಬರಿನಲ್ಲಿ ತಿರಸ್ಕರಿಸಿತು. ಎರಡು ಮಹಾಚುನಾವಣೆಗಳು ನಡೆದವು. ಕೊನೆಗೆ ಮೇಲ್ಮನೆಯ ನಿರಾಕರಣದ ಅಧಿಕಾರವನ್ನು ತೆಗೆದು ವಿಳಂಬದ ಅಧಿಕಾರವನ್ನಷ್ಟೇ ಉಳಿಸುವ ಪಾರ್ಲಿಮೆಂಟ್ ಕಾಯಿದೆ ಬಂದಿತು. ಒಪ್ಪದಿದ್ದರೆ ಪ್ರಭುಗಳನ್ನಾಗಿ ಮಾಡಲು ಪ್ರಧಾನಿ ಆಸ್ಕ್ವಿತ್ ಅವರ ಬಳಿ ಸುಮಾರು ಇನ್ನೂರೈವತ್ತು ಹೆಸರುಗಳ ಪಟ್ಟಿಯೊಂದು ಸಿದ್ಧವಿತ್ತು. ಕಾದಂಬರಿಕಾರ ಥಾಮಸ್ ಹಾರ್ಡಿ, 'ಪೀಟರ್ ಪ್ಯಾನ್' ಬರೆದ ಬ್ಯಾರಿ, ಗ್ರೀಕ್ ವಿದ್ವಾಂಸ ಗಿಲ್ಬರ್ಟ್ ಮರ‍್ರೆ, ತತ್ತ್ವಜ್ಞ ಬರ್ಟ್ರಂಡ್ ರಸೆಲ್ ಅದರಲ್ಲಿದ್ದರು. 'ಜ್ಯೂಡ್' ಕಾದಂಬರಿಯಲ್ಲಿ ಬಡ ಕಲ್ಲುಕುಟಿಗನೊಬ್ಬನಿಗೆ ವಿಶ್ವವಿದ್ಯಾಲಯದ ಬಾಗಿಲು ಮುಚ್ಚಿದ ಕಥೆ ಬರೆದ ಹಾರ್ಡಿಯವರನ್ನು ಕೆಂಪು ನಿಲುವಂಗಿಯಲ್ಲಿ ಕಲ್ಪಿಸಿಕೊಳ್ಳುವುದು ಕಷ್ಟ. ಆಗಸ್ಟ್ 10ರಂದು 114ಕ್ಕೆ 131 ಮತಗಳಿಂದ ಸಭೆ ಶರಣಾಯಿತು. ಪಟ್ಟಿ ಪೆಟ್ಟಿಗೆ ಸೇರಿತು. ರಸೆಲ್ ಅವರಿಗೆ ಮಾತ್ರ ಆ ಆಸನ 1931ರಲ್ಲಿ ಅಣ್ಣನ ಸಾವಿನಿಂದ ತಾನಾಗಿ ಒದಗಿತು. ಶರಣಾಗತಿಯೇ ಲೇಸೆಂದು ಒತ್ತಾಯಿಸಿದವರಲ್ಲಿ ಮುಖ್ಯರು ಭಾರತೀಯರು ಬಂಗಾಳದ ವಿಭಜನೆಗಾಗಿ ಮರೆಯದ ಕರ್ಜನ್. 1923ರಲ್ಲಿ ಪ್ರಧಾನಿ ಪದವಿ ಅವರ ಕೈ ತಪ್ಪಿತು. ಲಾರ್ಡ್ಸ್ ಸಭೆಯಲ್ಲಿ ಕುಳಿತವರು ದೇಶವನ್ನಾಳುವುದು ಇನ್ನು ಸಲ್ಲದೆಂಬುದು ಅದಕ್ಕೊಂದು ಕಾರಣ. ಈ ಕಾಯಿದೆಯ ಪೀಠಿಕೆಯಲ್ಲಿ ವಂಶದ ಬದಲು ಜನತೆಯ ಆಧಾರದ ಮೇಲೆ ಎರಡನೆಯ ಸಭೆಯೊಂದನ್ನು ರಚಿಸುವ ಉದ್ದೇಶವಿದೆಯೆಂದೂ ಅದು ತತ್‌ಕ್ಷಣಕ್ಕೆ ಸಾಧ್ಯವಿಲ್ಲವೆಂದೂ ಬರೆದಿದೆ. ಆ ತತ್‌ಕ್ಷಣ ನೂರು ವರ್ಷ ದಾಟಿತು.

ವಂಶದ ನಿಯಮ ಹೊರಗಿಟ್ಟವರ ಕಥೆ ಒಳಗಿದ್ದವರ ಕಥೆಗಿಂತ ಹೆಚ್ಚು ಹೇಳುತ್ತದೆ. ವೇಲ್ಸಿನ ಕಲ್ಲಿದ್ದಲು ಗಣಿಗಳ ಒಡೆಯ ಡಿ. ಎ. ಥಾಮಸ್ ಅವರಿಗೆ ವೈಕೌಂಟ್ ರೊಂಡಾ ಎಂಬ ಪದವಿ ಬಂದಾಗ ಗಂಡುಮಕ್ಕಳಿಲ್ಲದ ಕಾರಣ ಅದು ಮಗಳು ಮಾರ್ಗರೆಟ್‌ಗೆ ಇಳಿಯುವಂತೆ ವಿಶೇಷ ಏರ್ಪಾಡಾಗಿತ್ತು. 1915ರಲ್ಲಿ ಮುಳುಗಿದ ಲೂಸಿಟಾನಿಯಾ ಹಡಗಿನಿಂದ ತಂದೆ ಮಗಳಿಬ್ಬರೂ ಬದುಕಿ ಬಂದವರು. 1918ರಲ್ಲಿ ತಂದೆ ತೀರಿಕೊಂಡರು. ಪದವಿ ಮಗಳಿಗೆ ಬಂದಿತು, ಕರೆಯೋಲೆ ಬರಲಿಲ್ಲ. ಹೆಣ್ಣೆಂಬ ಕಾರಣಕ್ಕೆ ಯಾರನ್ನೂ ಸಾರ್ವಜನಿಕ ಕಾರ್ಯದಿಂದ ಹೊರಗಿಡಬಾರದೆಂಬ 1919ರ ಕಾಯಿದೆಯನ್ನು ಆಧರಿಸಿ ಅವರು ಹಕ್ಕು ಮಂಡಿಸಿದರು. 1922ರಲ್ಲಿ ಲಾರ್ಡ್ಸ್ ಸಭೆಯ ಹಕ್ಕುಬಾಧ್ಯತಾ ಸಮಿತಿ ಮೊದಲು ಒಪ್ಪಿತು. ಲಾರ್ಡ್ ಚಾನ್ಸಲರ್ ಬರ್ಕನ್‌ಹೆಡ್ ಅವರ ವಿರೋಧದಿಂದ ವಿಷಯ ಮತ್ತೆ ಸಮಿತಿಗೆ ಹೋಗಿ, ಎರಡನೆಯ ಸಲ ತಿರಸ್ಕೃತವಾಯಿತು. ತುಳುನಾಡಿನ ಅಳಿಯಸಂತಾನದ ಕಟ್ಟನ್ನು, ಆ ಕಟ್ಟಿನಲ್ಲಿ ಉಳ್ಳಾಲವನ್ನಾಳಿ ಪೋರ್ಚುಗೀಸರನ್ನು ಎದುರಿಸಿದ ಚೌಟ ವಂಶದ ಜೈನ ರಾಣಿ ಅಬ್ಬಕ್ಕನನ್ನು ಬಲ್ಲವರಿಗೆ, ಮುನ್ನೂರು ವರ್ಷಗಳ ನಂತರದ ವೆಸ್ಟ್‌ಮಿನ್‌ಸ್ಟರಿನ ಈ ತೀರ್ಪು ವಿಚಿತ್ರವಾಗಿ ತೋರಿದರೆ ಆಶ್ಚರ್ಯವಿಲ್ಲ. ವಂಶವೆಂದರೆ ಗಂಡುವಂಶವೆಂಬುದೂ ಒಂದು ರೂಢಿಯೇ ಹೊರತು ರಕ್ತದ ನಿಯಮವಲ್ಲ.

ಲೇಡಿ ರೊಂಡಾ ಸುಮ್ಮನೆ ಕೂರಲಿಲ್ಲ. ಅವರು 1920ರಲ್ಲಿ ಸ್ಥಾಪಿಸಿದ್ದ 'ಟೈಮ್ ಅಂಡ್ ಟೈಡ್' ವಾರಪತ್ರಿಕೆಗೆ ವರ್ಜೀನಿಯಾ ವುಲ್ಫ್, ರೆಬೆಕಾ ವೆಸ್ಟ್, ಬರ್ನಾರ್ಡ್ ಷಾ ಬರೆದರು. ಮೂವತ್ತಾರು ವರ್ಷ ಕಾದರು. 1958ರ ಏಪ್ರಿಲಿನಲ್ಲಿ ಜೀವಿತಾವಧಿಯ ಪ್ರಭುಪದವಿಯ ಕಾಯಿದೆ ಬಂದು ಮಹಿಳೆಯರಿಗೆ ಮೊದಲ ಬಾರಿಗೆ ಆ ಸಭೆಯ ಬಾಗಿಲು ತೆರೆಯಿತು. ಜುಲೈಯಲ್ಲಿ ಅವರು ತೀರಿಕೊಂಡರು. ಅಕ್ಟೋಬರಿನಲ್ಲಿ ಮೊದಲ ಮಹಿಳಾ ಸದಸ್ಯರು ಆಸನ ಸ್ವೀಕರಿಸಿದರು. ವಂಶದಿಂದ ಪದವಿ ಪಡೆದ ಮಹಿಳೆಯರಿಗೆ ಬಾಗಿಲು ತೆರೆಯಲು ಇನ್ನೂ ಐದು ವರ್ಷ ಬೇಕಾಯಿತು.

ಇಂಥದೇ ಕಾಯುವಿಕೆಯ ಇನ್ನೊಂದು ಕಥೆ ಭಾರತಕ್ಕೆ ಸೇರಿದ್ದು. ಬಂಗಾಳದ ಸತ್ಯೇಂದ್ರ ಪ್ರಸನ್ನ ಸಿಂಹ ಅವರು ಕೇವಲ ಪಾಂಡಿತ್ಯದಿಂದ ಮೇಲೆ ಬಂದವರು: ವೈಸರಾಯ್ ಕಾರ್ಯಕಾರಿ ಮಂಡಲಿಯ ಮೊದಲ ಭಾರತೀಯ ಸದಸ್ಯರು, 1915ರ ಮುಂಬಯಿ ಕಾಂಗ್ರೆಸ್ಸಿನ ಅಧ್ಯಕ್ಷರು. 1919ರಲ್ಲಿ ಅವರಿಗೆ ಬ್ಯಾರನ್ ಪದವಿ ಕೊಟ್ಟು ಲಾರ್ಡ್ಸ್ ಸಭೆಗೆ ತೆಗೆದುಕೊಳ್ಳಲಾಯಿತು. ಆ ಸಭೆಯಲ್ಲಿ ಕುಳಿತ ಮೊದಲ ಭಾರತೀಯರು ಅವರೇ. ಆ ವರ್ಷದ ಭಾರತ ಸರಕಾರ ಕಾಯಿದೆಯನ್ನು ಅಲ್ಲಿ ಮುನ್ನಡೆಸಿದವರೂ ಅವರೇ. 1928ರಲ್ಲಿ ಅವರು ನಿಧನರಾದಾಗ ಹಿರಿಯ ಮಗ ಅರುಣ್ ಕುಮಾರ್ ಸಿಂಹ ಕರೆಯೋಲೆ ಬೇಡಿದರು. ಆಗ ಎದ್ದ ಪ್ರಶ್ನೆ ತಂದೆಯ ಸೇವೆಯದಲ್ಲ, ಮಗನ ಯೋಗ್ಯತೆಯದೂ ಅಲ್ಲ, ತಾಯಿತಂದೆಯರ ಮದುವೆಯದು. ಅವರ ವಿವಾಹ 1880ರಲ್ಲಿ ಹಿಂದೂ ವಿಧಿಯಂತೆ ಆಗಿತ್ತು. ಅಂದಿನ ಹಿಂದೂ ಧರ್ಮಶಾಸ್ತ್ರ ಗಂಡಸಿಗೆ ಇನ್ನೊಂದು ಮದುವೆಯನ್ನು ನಿಷೇಧಿಸಿರಲಿಲ್ಲ. ಬಹುಪತ್ನೀತ್ವಕ್ಕೆ ಆಸ್ಪದವಿರುವ ವಿವಾಹದಿಂದ ಹುಟ್ಟಿದ ಮಗ ಇಂಗ್ಲಿಷ್ ಕಾನೂನಿನ ದೃಷ್ಟಿಯಲ್ಲಿ ಪ್ರಭುಪದವಿಗೆ ಉತ್ತರಾಧಿಕಾರಿಯಾಗಬಲ್ಲನೆ? ಆ ಪತಿಗೆ ಬೇರೆ ಪತ್ನಿಯರಿರಲಿಲ್ಲವೆಂಬ ಸಂಗತಿಯಷ್ಟೇ ಸಾಲದಾಯಿತು. ಮಗ ಹುಟ್ಟುವ ಮೊದಲೇ ದಂಪತಿ ಏಕಪತ್ನೀವ್ರತವನ್ನು ವಿಧಿಸುವ ಸಾಧಾರಣ ಬ್ರಹ್ಮಸಮಾಜವನ್ನು ಸೇರಿದ್ದರೆಂಬುದು ಅಂತೂ ದಾರಿ ತೋರಿತು. 1939ರಲ್ಲಿ, ತಂದೆ ಸತ್ತು ಹನ್ನೊಂದು ವರ್ಷಗಳಾದ ಮೇಲೆ, ಸಮಿತಿ ಹಕ್ಕನ್ನು ಒಪ್ಪಿತು. ಆ ನಿರ್ಣಯವನ್ನು ಕೊಟ್ಟ ಲಾರ್ಡ್ ಚಾನ್ಸಲರ್ ಮಾಮ್ ಅವರು ಕಾದಂಬರಿಕಾರ ಸಾಮರ್ಸೆಟ್ ಮಾಮ್ ಅವರ ಅಣ್ಣ. ವಿವಾಹ ಕಾನೂನಿನ ವಿದ್ಯಾರ್ಥಿಗಳು ಈ ಪ್ರಕರಣವನ್ನು ಇಂದೂ ಓದುತ್ತಾರೆ. ಒಂದು ಬಂಗಾಳಿ ಮನೆಯ ಹಸೆಮಣೆಯನ್ನು ಥೇಮ್ಸ್ ನದಿಯ ದಡದಲ್ಲಿ ಹನ್ನೊಂದು ವರ್ಷ ತೂಗಿದ ಈ ದಾಖಲೆಗೆ ಕಾದಂಬರಿಕಾರನೊಬ್ಬನ ಕಣ್ಣು ಬೀಳದಿದ್ದದ್ದು ನಷ್ಟವೇ ಸರಿ.

ಸ್ವತಂತ್ರ ಭಾರತ ಬ್ರಿಟನ್ನಿನ ಸಂಸದೀಯ ಪದ್ಧತಿಯನ್ನು ಬಹುಮಟ್ಟಿಗೆ ಸ್ವೀಕರಿಸಿತು. ಮೇಲ್ಮನೆಯಲ್ಲಿ ವಂಶಕ್ಕೆ ಮಾತ್ರ ಒಂದು ಆಸನವನ್ನೂ ಕೊಡಲಿಲ್ಲ. ಸಂವಿಧಾನದ 80ನೆಯ ವಿಧಿ ಸಾಹಿತ್ಯ, ವಿಜ್ಞಾನ, ಕಲೆ, ಸಮಾಜಸೇವೆಗಳಲ್ಲಿ ಪರಿಣತರಾದ ಹನ್ನೆರಡು ಮಂದಿಯನ್ನು ರಾಷ್ಟ್ರಪತಿಗಳು ರಾಜ್ಯಸಭೆಗೆ ನಾಮಕರಣ ಮಾಡಬೇಕೆನ್ನುತ್ತದೆ. ಹಾಗೆ ಹೋದ ಮೈಸೂರಿನ ಆರ್. ಕೆ. ನಾರಾಯಣ್ ಅಲ್ಲಿ ಶಾಲಾಮಕ್ಕಳ ಬೆನ್ನಿನ ಚೀಲದ ಭಾರವನ್ನು ಕುರಿತು ಮಾತನಾಡಿದರು. ಯಶಪಾಲ್ ಸಮಿತಿ ಆ ವಿಷಯವನ್ನು ಕೈಗೆತ್ತಿಕೊಳ್ಳಲು ಆ ಭಾಷಣವೂ ಪ್ರೇರಣೆಯಾಯಿತು. ಬೈರನ್ನನ ಭಾಷಣಕ್ಕಿಂತ ಅದು ಹೆಚ್ಚು ಫಲ ಕೊಟ್ಟಿತೆನ್ನಲು ಅಡ್ಡಿಯಿಲ್ಲ.

ಆಸನ ಬೇಕೆಂದು ಹೋರಾಡಿದವರು ಇವರಾದರೆ ಬೇಡವೆಂದು ಹೋರಾಡಿದವರು ಟೋನಿ ಬೆನ್. ತಂದೆ ವಿಲಿಯಂ ವೆಜ್‌ವುಡ್ ಬೆನ್ 1929ರಿಂದ 1931ರವರೆಗೆ ಭಾರತ ಮಂತ್ರಿಯಾಗಿದ್ದವರು. ಉಪ್ಪಿನ ಸತ್ಯಾಗ್ರಹದ ಚರಿತ್ರೆಯಲ್ಲಿ ಅವರ ಹೆಸರು ಬರುತ್ತದೆ. 1942ರಲ್ಲಿ ಅವರು ವೈಕೌಂಟ್ ಸ್ಟ್ಯಾನ್ಸ್‌ಗೇಟ್ ಆದರು. ಪದವಿ ಇಳಿಯಬೇಕಿದ್ದ ಹಿರಿಯ ಮಗ ಮೈಕೆಲ್ ಪಾದ್ರಿಯಾಗಬಯಸಿದ್ದವರು, ಅವರಿಗೆ ಅದರಿಂದ ತೊಂದರೆಯಿರಲಿಲ್ಲ. ಮೈಕೆಲ್ 1944ರಲ್ಲಿ ಯುದ್ಧದಲ್ಲಿ ಮಡಿದರು. ಭಾರ ಎರಡನೆಯ ಮಗನ ಮೇಲೆ ಬಿದ್ದಿತು. 1950ರಿಂದ ಬ್ರಿಸ್ಟಲಿನ ಒಂದು ಕ್ಷೇತ್ರದ ಪ್ರತಿನಿಧಿಯಾಗಿ ಕಾಮನ್ಸ್ ಸಭೆಯಲ್ಲಿದ್ದ ಟೋನಿ ಬೆನ್, 1960ರ ನವೆಂಬರ್ 17ರಂದು ತಂದೆ ತೀರಿಕೊಂಡ ಗಳಿಗೆಯಲ್ಲೇ ಆ ಸಭೆಯಲ್ಲಿ ಕೂರುವ ಅರ್ಹತೆಯನ್ನು ಕಳೆದುಕೊಂಡರು. ಉಪಚುನಾವಣೆಯಲ್ಲಿ ಮತ್ತೆ ನಿಂತು ಹೆಚ್ಚಿನ ಅಂತರದಿಂದ ಗೆದ್ದರು. ಚುನಾವಣಾ ನ್ಯಾಯಾಲಯ ಸೋತ ಅಭ್ಯರ್ಥಿ ಮಾಲ್ಕಮ್ ಸೇಂಟ್ ಕ್ಲೇರ್ ಅವರನ್ನು ವಿಜಯಿಯೆಂದು ಸಾರಿತು. ವಿನೋದವೆಂದರೆ, ಅವರೂ ಒಂದು ಪ್ರಭುಪದವಿಯ ನಿರೀಕ್ಷಿತ ವಾರಸುದಾರರೇ. ಎರಡು ವರ್ಷಗಳ ಹಠದ ನಂತರ 1963ರ ಜುಲೈ 31ರಂದು ಪದವಿಯನ್ನು ತ್ಯಜಿಸಲು ಅವಕಾಶ ಕೊಡುವ ಕಾಯಿದೆ ಜಾರಿಗೆ ಬಂದಿತು. ಬೆನ್ ಅಂದು ಸಂಜೆಯೇ ತ್ಯಾಗಪತ್ರಕ್ಕೆ ಸಹಿ ಹಾಕಿದರು. ಆ ಕಾಯಿದೆಯ ದೊಡ್ಡ ಲಾಭ ಪಡೆದದ್ದು ಅವರ ಎದುರಾಳಿ ಪಕ್ಷ: ಅಕ್ಟೋಬರಿನಲ್ಲಿ ಹದಿನಾಲ್ಕನೆಯ ಅರ್ಲ್ ಆಫ್ ಹೋಮ್ ತಮ್ಮ ಪದವಿ ಬಿಟ್ಟು ಪ್ರಧಾನಿಯಾಗಿ ಮುಂದುವರಿದರು.

1999ರಲ್ಲಿ ಬ್ಲೇರ್ ಸರಕಾರ ವಂಶದ ಹಕ್ಕನ್ನೇ ಕೊನೆಗೊಳಿಸಹೊರಟಿತು. ಆರುನೂರೈವತ್ತಕ್ಕೂ ಹೆಚ್ಚು ಮಂದಿ ಹೊರಹೋದರು. ಮಸೂದೆಗೆ ತಡೆಯಾಗದಿರಲೆಂದು ವಿರೋಧ ಪಕ್ಷದ ನಾಯಕ ಕ್ರ್ಯಾನ್‌ಬೋರ್ನ್ ಅವರೊಡನೆ ಗುಟ್ಟಾಗಿ ಮಾಡಿಕೊಂಡ ಒಪ್ಪಂದದಂತೆ 92 ಮಂದಿ 'ತಾತ್ಕಾಲಿಕವಾಗಿ' ಉಳಿದರು. ಹುಟ್ಟಿನಿಂದ ಬಂದವರು ಉಳಿಯಲು ತಮ್ಮೊಳಗೇ ಚುನಾವಣೆಗೆ ನಿಂತು, ತಮ್ಮ ಅರ್ಹತೆಯನ್ನು 75 ಪದಗಳೊಳಗೆ ಬರೆದುಕೊಟ್ಟರು. ಮಸೂದೆಯ ಚರ್ಚೆ ನಡೆದಿದ್ದ ಅಕ್ಟೋಬರ್ 26ರಂದು ಡ್ಯೂಕ್ ಆಫ್ ಸೇಂಟ್ ಆಲ್ಬನ್ಸ್ ಅವರ ಮಗ ಅರ್ಲ್ ಆಫ್ ಬರ್ಫರ್ಡ್ ಸಭಾಧ್ಯಕ್ಷರ ಉಣ್ಣೆಯ ಪೀಠದ ಮೇಲೆ ಹಾರಿ ನಿಂತು ಇದು ರಾಜದ್ರೋಹವೆಂದು ಕೂಗಿದರು. ಇವರು ಶೇಕ್ಸ್‌ಪಿಯರನ ನಾಟಕಗಳನ್ನು ನಿಜವಾಗಿ ಬರೆದವನು ಆಕ್ಸ್‌ಫರ್ಡಿನ ಅರ್ಲ್ ಎಡ್ವರ್ಡ್ ಡಿ ವಿಯರ್ ಎಂದು ಊರೂರು ತಿರುಗಿ ಉಪನ್ಯಾಸ ಕೊಟ್ಟವರು. ಎರಡೂ ಒಂದೇ ನಂಬಿಕೆಯ ಕವಲುಗಳು. ಕೈಗವಸು ಹೊಲಿಯುವವನ ಮಗ 'ಹ್ಯಾಮ್ಲೆಟ್' ಬರೆಯಲಾರ. ಕುಲವಿಲ್ಲದವನು ಶಾಸನ ಮಾಡಲಾರ.

ಉಳಿದ 92 ಸ್ಥಾನಗಳಲ್ಲಿ ಯಾರಾದರೂ ತೀರಿಕೊಂಡರೆ ಉಪಚುನಾವಣೆ ನಡೆಯುತ್ತಿತ್ತು. 2016ರಲ್ಲಿ ಲಿಬರಲ್ ಡೆಮಾಕ್ರಾಟ್ ಪಕ್ಷದ ಒಂದು ಸ್ಥಾನಕ್ಕೆ ಏಳು ಅಭ್ಯರ್ಥಿಗಳು, ಮೂವರು ಮತದಾರರು. ಮೂರು ಮತಗಳನ್ನೂ ಪಡೆದು ವೈಕೌಂಟ್ ಥರ್ಸೊ ಗೆದ್ದರು. ನಗೆಪಾಟಲಿನ ಈ ಚುನಾವಣೆಗಳನ್ನು ನಿಲ್ಲಿಸಲು ಲಾರ್ಡ್ ಗ್ರೋಕಾಟ್ ಮತ್ತೆ ಮತ್ತೆ ಮಸೂದೆ ತಂದರೂ ಅದು ದಡ ಸೇರಲಿಲ್ಲ. 2012ರಲ್ಲಿ ಬಹುಪಾಲು ಚುನಾಯಿತವಾದ ಮೇಲ್ಮನೆಯನ್ನು ರಚಿಸುವ ಯತ್ನ ಆಡಳಿತ ಪಕ್ಷದ 91 ಸದಸ್ಯರ ಬಂಡಾಯದಿಂದ ಕುಸಿಯಿತು. ವಂಶದವರು ಹೋದ ಜಾಗಕ್ಕೆ ಬರುತ್ತಿರುವವರು ಪ್ರಧಾನಿಗಳು ಹೆಸರಿಸಿದವರು. 1719ರಲ್ಲಿ ಅಡಿಸನ್ ಎತ್ತಿದ್ದ ಪ್ರಶ್ನೆಗೆ ಉತ್ತರ ಇನ್ನೂ ಯಾರೂ ಕೊಟ್ಟಿಲ್ಲ. 2020ರಲ್ಲಿ ಕೌಂಟೆಸ್ ಆಫ್ ಮಾರ್ ನಿವೃತ್ತರಾದ ಮೇಲೆ ಆನುವಂಶಿಕ ಆಸನಗಳಲ್ಲಿ ಒಬ್ಬ ಹೆಣ್ಣುಮಗಳೂ ಉಳಿಯಲಿಲ್ಲ. 1963ರ ತ್ಯಾಗ ತ್ಯಜಿಸಿದವರ ಜೀವಿತಕಾಲಕ್ಕೆ ಮಾತ್ರ ಸೀಮಿತವಾದುದರಿಂದ 2014ರಲ್ಲಿ ಟೋನಿ ಬೆನ್ ತೀರಿಕೊಂಡಾಗ ಹಿರಿಯ ಮಗ ಸ್ಟೀಫನ್ ಮೂರನೆಯ ವೈಕೌಂಟ್ ಸ್ಟ್ಯಾನ್ಸ್‌ಗೇಟ್ ಆದರು. 2021ರಲ್ಲಿ ಇಂಥದೇ ಉಪಚುನಾವಣೆಯೊಂದರಲ್ಲಿ ಎದುರಾಳಿಗಳಿಲ್ಲದೆ ಆಯ್ಕೆಯಾಗಿ ಅವರು ತಂದೆ ಒಲ್ಲದ ಸಭೆಯಲ್ಲಿ ಆಸನ ಪಡೆದರು.

ಉಳಿದವರೆಲ್ಲರನ್ನೂ ತೆಗೆಯುವ ಮಸೂದೆ ಕಾಮನ್ಸ್ ಸಭೆಯಲ್ಲಿ ಮಂಡಿತವಾದದ್ದು 2024ರ ಸೆಪ್ಟೆಂಬರಿನಲ್ಲಿ. ತೀರ ಚಿಕ್ಕ ಮಸೂದೆ ಅದು. ಆಸನಗಳನ್ನು ರದ್ದುಪಡಿಸುವ ವಾಕ್ಯದ ಕೆಳಗೆ ಪತ್ರಿಕೆಗಳು ಹೆಚ್ಚು ಗಮನಿಸದ ಇನ್ನೊಂದು ಸಣ್ಣ ಖಂಡವಿದೆ: ಪ್ರಭುಪದವಿಗೆ ಯಾರು ಹಕ್ಕುದಾರರೆಂಬ ವಿವಾದಗಳನ್ನು ವಿಚಾರಿಸುವ ಲಾರ್ಡ್ಸ್ ಸಭೆಯ ಅಧಿಕಾರವನ್ನೂ ಅದು ಕೊನೆಗೊಳಿಸುತ್ತದೆ. ಲೇಡಿ ರೊಂಡಾ ಅವರ ಅರ್ಜಿಯೂ ಅರುಣ್ ಕುಮಾರ್ ಸಿಂಹ ಅವರ ಅರ್ಜಿಯೂ ವಿಚಾರಣೆಗೆ ಬಂದದ್ದು ಆ ಅಧಿಕಾರದ ಮುಂದೆ.